ಹೋಗಿರುವುದು ಊರಿನ ಕರೆಂಟಲ್ಲ

ನಿಕನೋರ್,

"ಕರೆಂಟ್ ಹೋಯ್ತು, ತಾನಾಗೇ ಬರುತ್ತೆ ಬಿಡಕ್ಕ" ಅಂತ ಮಲಗಿದೆಯಲ್ಲ, ಎದ್ದ ಮೇಲೆ ಸ್ವಲ್ಪ ಕಿವಿಗೊಟ್ಟು ಕೇಳು. ಎದುರು ಮನೆ ಒಬ್ದುಲಿಯಾಳ ಕರೆಂಟಿನ ರೇಡಿಯೊ ಹಾಡುತ್ತಿದೆ. ಹೋಗಿರುವುದು ಊರಿನ ಕರೆಂಟಲ್ಲ, ನಮ್ಮ ಫ್ಯೂಸ್. ಫ್ರಿಜ್ಜು, ಫ್ಯಾನು ಓಡುತ್ತಿರುವಾಗಲೇ ಒಂದೇ ಅಂಗಿಗೆ ಮೂರು ಸಲ ಇಸ್ತ್ರಿ ಹಾಕಿದವನು ನೀನೇ. ಎಪ್ಪತ್ತೊಂದಕ್ಕೆ ಮದುವಣಿಗನಾಗುವವನು ಇನ್ನೇನು ಮಾಡುತ್ತಾನೆ, ನನಗೇನೂ ಕೋಪವಿಲ್ಲ.

ನಿನ್ನ ಮದುವಣಗಿತ್ತಿ ಎಲಿಸಿಯಾ, ಹೊಲ್ಗಿನ್ ಊರಿನ ಬಸ್ಸಿಗೆ ಬರುತ್ತಾಳೆ, ಕರೆತರಲು ಹೊರಟೆ. ಅವಳಿಗೆಂದು ಮಾಡಿಟ್ಟ ತೆಂಗಿನಕಾಯಿ ಐಸ್‌ಕ್ರೀಮ್ ನೀರಾಗುವ ಮೊದಲು ಇಷ್ಟು ಮಾಡು.

ಮೇನ್ ಸ್ವಿಚ್ ಕೆಳಗೆಳೆ. ಎಲ್ಲದರ ಪ್ಲಗ್ಗೂ ಕೀಳು. ಕೈ ಚೆನ್ನಾಗಿ ಒರೆಸಿಕೊಂಡು, ರಬ್ಬರ್ ಚಪ್ಪಲಿ ಮೆಟ್ಟಿ, ಆಮೇಲೆ ಫ್ಯೂಸನ್ನು ಬಲ್ಬಿನಂತೆ ತಿರುಗಿಸಿ ಬಿಚ್ಚು. ಅದರ ಗಾಜು ಕಪ್ಪಾಗಿದ್ದರೆ, ಒಳಗಿನ ಪಟ್ಟಿ ತುಂಡಾಗಿದ್ದರೆ ಸುಟ್ಟಿದೆ ಎಂದೇ ಅರ್ಥ. ಹೊಸದು ಕಾಫಿ ಡಬ್ಬಿಯಲ್ಲಿದೆ. ಹದಿನೈದು ಆಂಪಿಯರ್ ಎಂದು ಬರೆದಿರುವುದನ್ನೇ ಹಾಕು, ಮೂವತ್ತರದ್ದು ಬೇಡ. ಸಿಗರೇಟಿನ ಬೆಳ್ಳಿ ಕಾಗದವನ್ನಂತೂ ತುರುಕಲೇಬೇಡ. ಅಪ್ಪ ಹಾಗೆ ತುರುಕಿ ಅಡುಗೆಮನೆಯ ಪರದೆ ಹೊತ್ತಿಕೊಂಡದ್ದು ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ನನ್ನ ಸೊಂಟದ ಮೇಲಿದ್ದೆ.

ಮೇನ್ ಹಾಕಿದ ಮೇಲೆ ಮೊದಲು ಫ್ರಿಜ್ಜೊಂದನ್ನೇ ಸಿಕ್ಕಿಸು. ಮತ್ತೆ ಸುಟ್ಟರೆ ಮುಟ್ಟಬೇಡ, ನಾಳೆ ತಿಳಿದವರನ್ನು ಕರೆಸೋಣ.

ಹಗಲಾದರೂ ಸರಿ, ಜಗಲಿಯ ದೀಪ ಉರಿಯುತ್ತಿರಲಿ. ಬೀದಿಯ ತಿರುವಿನಿಂದ ಅದು ಕಂಡರೆ "ನಮ್ಮ ತಮ್ಮನೇ ಸರಿಮಾಡಿದ್ದು ಕಣಮ್ಮ" ಎಂದು ಅವಳಿಗೆ ಹೇಳುತ್ತೇನೆ. ಕಾಣದಿದ್ದರೆ ಊರಿಗೇ ಕರೆಂಟಿಲ್ಲ ಎಂದು ಹೇಳಿ ನಿನ್ನ ಮಾನ ಉಳಿಸುತ್ತೇನೆ. ಆದರೆ ರೇಡಿಯೊ ಆರಿಸು ಎಂದು ಒಬ್ದುಲಿಯಾಳನ್ನು ಬೇಡಿಕೊಳ್ಳುವ ಕೆಲಸ ನಿನ್ನದೇ.

ಅಕ್ಕ ದಿಗ್ನಾ