ಗಾಳಿಯ ಪಾಲು

ರೋಹಿಣಿ ಮಳೆಯ ನಲವತ್ತೊಂದನೆಯ ದಿನ, ೨೧೯೧

ಸಣ್ಣೀರಜ್ಜಿಗೆ ನಿನ್ನ ಮರಿಮಗಳ ಮರಿಮಗಳು ಓಬಕ್ಕ ಮಾಡುವ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡ. ನಿಮ್ಮ ಕಾಲದಲ್ಲಿ ರೋಹಿಣಿ ಹದಿನಾಲ್ಕು ದಿನಕ್ಕೆ ಮುಗಿದು ಮೃಗಶಿರ ಹುಟ್ಟುತ್ತಿತ್ತಂತೆ. ನಮ್ಮಲ್ಲಿ ಹನಿ ಬೀಳುವವರೆಗೆ ಮಳೆಯ ಹೆಸರು ಬದಲಾಗುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು.

ನಮ್ಮ ಹೊಲದ ಬದುವಿನಲ್ಲಿ ನೀನು ಬಿಟ್ಟುಹೋದ ಕಮರದ ಮರ ಇನ್ನೂ ನಿಂತಿದೆ. ಸುತ್ತ ಏಳೂರಿಗೆ ಅದೊಂದೇ. ಬೆಳಿಗ್ಗೆ ಎದ್ದರೆ ನಮಗೆ ಮೊದಲ ಕೆಲಸ ‘ನೆರಳುಸರದಿ’ ಕೇಳುವುದು, ಅಂದರೆ ಯಾವ ಮನೆಯವರು ಯಾವ ಹೊತ್ತಿಗೆ ಆ ಮರದಡಿ ಕೂರಬಹುದೆಂಬ ಪಾಳಿ. ಹಸುಗೂಸು ಇದ್ದವರಿಗೆ ನಡುಮಧ್ಯಾಹ್ನ, ನನ್ನಂಥ ಮುದುಕಿಗೆ ಇಳಿಹೊತ್ತು. ರಾಗಿಯನ್ನೂ ಅದರ ಎಲೆ ಉದುರುವಷ್ಟು ಜಾಗದಲ್ಲೇ ಬಿತ್ತುತ್ತೇವೆ, ನಡುನಡುವೆ ಅಕ್ಕಡಿಬೆಳೆಯಾಗಿ ಒಂದು ಸಾಲು ಅವರೆ, ಒಂದು ಸಾಲು ತೊಗರಿ. ಅದರಾಚೆಯ ನೆಲ ಕಾದ ಹೆಂಚು. ಬದುಬದುವಿಗೂ ಕಮರ, ಹೊಂಗೆ, ಹಿಪ್ಪೆ ಇದ್ದ ನಿಮ್ಮ ಹೊಲಗಳ ಕಥೆ ಹೇಳಿದರೆ ಮಕ್ಕಳು ‘ಸುಳ್ಳು ಬಿಡಜ್ಜಿ’ ಎನ್ನುತ್ತವೆ. ನನಗೆ ಹೊಟ್ಟೆ ಉರಿಯುತ್ತದೆ.

ಈಗ ಬೈಗುಳ ಕೇಳು. ಸೊಪ್ಪು ಕಡಿಯುವಾಗ ನೆತ್ತಿಯ ಕೊಂಬೆ ಮುಟ್ಟದೆ, ಅದನ್ನು ‘ಗಾಳಿಯ ಪಾಲು’ ಎಂದು ಬಿಡುವುದು ನಿಮ್ಮ ಹಿರಿಯರ ಪದ್ಧತಿ. ಕಮರ ವರ್ಷವರ್ಷವೂ ಕಾಯಿ ಕಚ್ಚುವ ಮರವಲ್ಲ. ನಾಲ್ಕೈದು ವರ್ಷಕ್ಕೊಮ್ಮೆ, ಅದೂ ಬಿಸಿಲುಂಡ ನೆತ್ತಿಯಲ್ಲಿ ಕಚ್ಚಿ, ರೆಕ್ಕೆಯಂಥ ಆ ಕಾಯಿ ಗಾಳಿಗೆ ಹಾರಿ ಪಕ್ಕದ ಬದುವಿನಲ್ಲಿ ಹುಟ್ಟಬೇಕು. ಆದರೆ ಮೇಕೆ ಬಯಸುವ ಎಳೆಸೊಪ್ಪೂ ನೆತ್ತಿಯಲ್ಲೇ ಇರುತ್ತದಲ್ಲ! ಒಂದು ಬೇಸಿಗೆ ನೀನು ನೆತ್ತಿ ಕಡಿಸಿ, ಕೆಳಗಿನ ಬಡಕಲು ಕೊಂಬೆಯೊಂದನ್ನು ಉಳಿಸಿ, ‘ಯಾವ ಕೊಂಬೆ ಬಿಟ್ರೇನು, ಗಾಳಿ ಎಲ್ಲಾ ಕಡೆ ಬೀಸ್ತೈತೆ ಬಿಡು’ ಎಂದೆಯಂತೆ. ಆ ಮಾತು ಮನೆಯಲ್ಲಿ ಗಾದೆಯಾಯಿತು, ಊರಿಗೂ ಹಬ್ಬಿತು. ಪದ್ಧತಿ ತಪ್ಪಲಿಲ್ಲವೆಂಬ ನೆಮ್ಮದಿಯಲ್ಲಿ ಎಲ್ಲರೂ ಕೆಳಗಿನ ಕೊಂಬೆಗೇ ಅರಿಶಿನ ಹಚ್ಚಿ ಕೈಮುಗಿದರು. ಮುದಿಮರಗಳು ಒಂದೊಂದಾಗಿ ಸತ್ತವು, ಒಂದು ಸಸಿಯೂ ಏಳಲಿಲ್ಲ. ಅರವತ್ತು ವರ್ಷ ನಾನೂ ಅದನ್ನೇ ಮಾಡಿದೆ, ಹೇಳಲು ನಾಚಿಕೆಯಾಗುತ್ತದೆ.

ತಪ್ಪು ತಿಳಿದ ಮೇಲೆ, ಐದು ವರ್ಷದಿಂದ ನೆತ್ತಿ ಮುಟ್ಟಲು ಯಾರನ್ನೂ ಬಿಟ್ಟಿಲ್ಲ. ಮೇವಿಲ್ಲದೆ ನಮ್ಮ ಮೇಕೆ ಕೆಂದಿ ಸತ್ತಾಗ ಮಗಳು ಮಾರಕ್ಕ, ‘ನಿನ್ ಮರ ನೋಡ್ಕಂಡೇ ಹೊಟ್ಟೆ ತುಂಬಿಸ್ಕಳಾಣ ಬಾರವ್ವ’ ಎಂದು ಅತ್ತಳು. ಈ ಯುಗಾದಿಗೆ ಕಾಯಿ ಬಂತು. ಒಂದೊಂದನ್ನೂ ಸುಲಿದು ನೋಡಿದೆ, ಎಲ್ಲಾ ಜೊಳ್ಳು. ಮರಕ್ಕೆ ವಯಸ್ಸಾಗಿದೆ, ಸುತ್ತ ಜೊತೆಮರವೂ ಇಲ್ಲ.

ಅಜ್ಜೀ, ನಿನ್ನ ಕಾಲದಲ್ಲಿ ಅದು ಪ್ರಾಯದ ಮರ, ಸಂಗಾತಿಗಳೂ ಇದ್ದವು. ಈ ಕಾಗದವನ್ನು ಇವತ್ತೇ ಅದರ ಪೊಟರೆಯಲ್ಲಿ ಇಡುತ್ತೇನೆ. ಕಳೆ ಕೀಳುವಾಗ ನೀನು ಎಲೆಯಡಿಕೆ ಚೀಲ ಇಡುತ್ತಿದ್ದುದು ಅಲ್ಲೇ ಅಂತೆ, ಹೇಗಾದರೂ ನಿನ್ನ ಕೈಗೆ ಸಿಕ್ಕೀತು ಎಂಬುದಷ್ಟೇ ನನ್ನ ಧೈರ್ಯ. ಸೊಪ್ಪಿನವನು ಕುಡುಗೋಲು ಹಿಡಿದು ನೆತ್ತಿಗೆ ಹತ್ತಿದರೆ ಕೂಗಿ ಇಳಿಸು. ಕೆಳಗಿನದನ್ನು ಕಡಿದುಕೊಳ್ಳಲಿ. ಮೇಕೆ ಅರಚಿದರೆ ಅರಚಲಿ, ನಿನ್ನ ದಮ್ಮಯ್ಯ.

ನಾಳೆ ನನ್ನ ಸರದಿಗೆ ಕಾಯದೆ ಬೆಳಿಗ್ಗೆಯೇ ಬದುವಿಗೆ ಹೋಗುತ್ತೇನೆ. ನನಗೆ ಕಣ್ಣು ಮಂಜು, ಅದಕ್ಕೆ ಮಾರಕ್ಕನನ್ನೂ ಕರೆದೊಯ್ಯುತ್ತೇನೆ. ಬದುವಿನಲ್ಲಿ ಎಷ್ಟು ಮರವಿದೆಯೆಂದು ಅವಳನ್ನು ಕೇಳುತ್ತೇನೆ. ನೀನು ಮಾತು ಕೇಳಿದ್ದರೆ ಅವಳು ಎರಡು ಎನ್ನಬೇಕು.