ಮಾವ ಎಳೆದ ಕೆಂಪು ಗೆರೆ

ಮಾರ್ಚ್ 3, ಸೋಮವಾರ. ಸಂಜೆ

ರೆಕ್ಕೆಗಳ ಸಂದಿಗೆ ಪುಟ್ಟಿ ತುಂಬಿ, ಉಜ್ಜಿ ಆಯಿತು. ಬೂದು ಬಣ್ಣದ ಎರಡನೇ ಕೋಟ್ ಒಣಗಿದೆ. ಮೊಳದುದ್ದದ ಯುದ್ಧ ಜೆಟ್‌ನ ಪ್ಲಾಸ್ಟಿಕ್ ಮಾಡೆಲ್. ಊಟದ ಮೇಜಿನ ಅರ್ಧ ಅದರದ್ದೇ. ಅತ್ತೆಯ ಗೊಣಗಾಟ — "ಇದು ಬಂದು ಇಳಿದ ಮೇಲೆ ನಮಗೆ ತಟ್ಟೆ ಇಡೋಕೂ ಜಾಗ ಇಲ್ಲ."

ಕಿಟ್‌ನಲ್ಲಿದ್ದ ಸ್ಟಿಕ್ಕರ್‌ಗಳು ಹಳೆಯವು. ನೀರಿಗೆ ಹಾಕಿದ್ದೇ ತಡ, ಪುಡಿಪುಡಿ. ಇನ್ನು ಗೆರೆ, ನಂಬರ್, ತ್ರಿಕೋನ ಎಲ್ಲ ಕೈಯಲ್ಲೇ ಬರೆಯಬೇಕು. ಕೇಳಿ ಮಾವನ ಮುಖ ಅರಳಿತು. ವಾಯುಪಡೆಯ ಪೇಂಟ್ ಶಾಪಿನಲ್ಲಿ ಇದೇ ಜಾತಿಯ ವಿಮಾನಗಳ ಮೇಲೆ ಇದನ್ನೇ ಬರೆದು ರಿಟೈರ್ ಆದವರು. ಈಗ ಕೈ ನಡುಗುತ್ತದೆ. ಲೋಟ ಹಿಡಿದರೆ ಅರ್ಧ ನೆಲಕ್ಕೆ. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಕೈಗೆ ಏನಾದರೂ ಕೆಲಸ ಕೊಡಿ ಎಂದರು. ಅದಕ್ಕೇ ಈ ಕಿಟ್ ತಂದದ್ದು.

"ಮಾವ, ಭೂತಗನ್ನಡಿ ಹಾಕ್ಕೊಳ್ಳಿ." ನನ್ನದೇ ಅದು — ಹಲ್ಲಿನ ಲ್ಯಾಬಿನಲ್ಲಿ ಕೃತಕ ಹಲ್ಲು ತಿದ್ದುವಾಗ ತಲೆಗೆ ಸಿಕ್ಕಿಸಿಕೊಳ್ಳುವುದು.

"ಬೇಡಮ್ಮ, ಹಾಕ್ಕೊಂಡು ಕೆಲಸ ಮಾಡಿದ್ರೆ ತಲೆ ಸುತ್ತುತ್ತೆ. ಒಣಗಿದ ಮೇಲೆ ನೋಡ್ತೀನಿ."

ಎಡ ರೆಕ್ಕೆಗೆ ಕೆಂಪು ಗೆರೆ ಎಳೆದರು. ಇದರಾಚೆ ಕಾಲಿಡಬೇಡಿ ಎಂದು ಮೆಕ್ಯಾನಿಕ್‌ಗಳಿಗೆ ಹೇಳುವ ಗೆರೆ. ಆ ಗೆರೆಯೇ ಕಾಲು ಜಾರಿ ಬಿದ್ದ ಹಾಗಿತ್ತು.

ಮಾರ್ಚ್ 4. ಬೆಳಿಗ್ಗೆ

ಮಾವ ವಾಕಿಂಗ್ ಹೋಗಿದ್ದರು. ಸುಮ್ಮನೆ ನೋಡೋಣ ಎಂದು ಕೂತೆ. ಕೂತವಳು ಸುಮ್ಮನಿರಬೇಕಲ್ಲ... ಕೆಳಗಿನ ಬೂದು ಬಣ್ಣ ಏಳದ ಹಾಗೆ ಗೆರೆಯನ್ನು ಒರೆಸಿದೆ. ಟೇಪ್ ಅಂಟಿಸಿ ಹೊಸದಾಗಿ ಎಳೆದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಲ್ಲು ವಾಪಸ್ ಬರುವ ಕೆಲಸ ನನ್ನದು. ಸೊಟ್ಟ ಗೆರೆ ಕಂಡರೆ ಮೈಯೆಲ್ಲ ಉರಿಯುತ್ತದೆ.

ಅದೇ ದಿನ, ಸಂಜೆ

ಮಾವ ಭೂತಗನ್ನಡಿ ಹಾಕಿಕೊಂಡು ನೋಡಿದರು.

"ಲೇ, ಬಾರೇ ಇಲ್ಲಿ!" ಅತ್ತೆಯನ್ನು ಕೂಗಿದರು. "ನೋಡು. ನನ್ನ ಕೈ ಇನ್ನೂ ಸತ್ತಿಲ್ಲ."

ಅತ್ತೆ ಕಣ್ಣೊರೆಸಿಕೊಂಡರು. ಆಗಲೇ ಹೇಳಿಬಿಡಬಹುದಿತ್ತು. "ಹೌದು ಮಾವ, ಸೂಪರ್" ಅಂದೆ.

ಮಾರ್ಚ್ 9, ಭಾನುವಾರ

ಬಲ ರೆಕ್ಕೆ. ಪೈಲಟ್ ಸೀಟಿನ ಪಕ್ಕದ ಎಚ್ಚರಿಕೆಯ ತ್ರಿಕೋನಗಳು. ಸಂಜೆ ಅವರು ಬರೆಯುವುದು, ಬೆಳಿಗ್ಗೆ ನಾನು ಅಳಿಸುವುದು. ಇದೇ ಆಗಿದೆ.

ತಡೆಯಲಾರದೆ ಇವರಿಗೆ ಹೇಳಿದೆ. "ಬಿಡೆ, ಖುಷಿಯಾಗಿದ್ದಾರಲ್ಲ. ಅಪ್ಪನ್ನ ಹೀಗೆ ನೋಡಿ ಎಷ್ಟು ಕಾಲ ಆಗಿತ್ತು!" ಅಂದರು. ಮಗನಿಗೇ ಇಲ್ಲದ ಚಿಂತೆ ಸೊಸೆಗೇನು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರ ಖುಷಿಗಾಗಿ ಎಂದು ಹೇಳಿಕೊಳ್ಳುವುದು ಬರೀ ಬೂಟಾಟಿಕೆ. ನನಗೆ ಗೆರೆ ನೆಟ್ಟಗಿರಬೇಕಿತ್ತು, ಅಷ್ಟೇ.

ಮಾರ್ಚ್ 14

ಮಾವ ಇವತ್ತು ತಾವೇ ಶೇವ್ ಮಾಡಿಕೊಂಡಿದ್ದಾರೆ. ಕೈ ನಡುಗಲು ಶುರುವಾದ ಮೇಲೆ ಕ್ಷೌರದಂಗಡಿಗೇ ಹೋಗುತ್ತಿದ್ದರು. ಗದ್ದದ ಮೇಲೆ ಎರಡು ಕಡೆ ಹತ್ತಿ ಅಂಟಿಸಿದ್ದಾರೆ. "ಬ್ಲೇಡ್ ಸರಿಯಿಲ್ಲ" ಅಂದರು. ತಲೆಯಾಡಿಸಿದೆ.

ಮಾರ್ಚ್ 21, ಶುಕ್ರವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ.

ಮಾವ ಮಾತ್ರೆ ಬಿಟ್ಟಿದ್ದಾರೆ. ಅತ್ತೆಯಿಂದ ಗೊತ್ತಾಯಿತು. ಕೇಳಿದರೆ — "ಅದು ನುಂಗಿದ್ರೆ ಹೊಟ್ಟೆ ತೊಳಸುತ್ತೆ ಕಣಮ್ಮ. ಇನ್ಯಾಕೆ ಅದು? ಆ ರೆಕ್ಕೆ ನೋಡು, ಆ ಗೆರೆ ನೋಡು. ಡಾಕ್ಟರ್ ಏನು ಹೇಳೋದಿದೆ ಇನ್ನು?"

ಅಷ್ಟೇ ಆಗಿದ್ದರೆ... ಮೆಕ್ಯಾನಿಕ್ ಬಂದು, ಮೂಲೆಗೆ ಬಿದ್ದಿದ್ದ ಸ್ಕೂಟರ್ ರಿಪೇರಿ ಮಾಡಿ ಹೋದ. ಭಾನುವಾರ ಮಾವ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಅವರ ತಂಗಿಯ ಮನೆಗೆ ಹೋಗುತ್ತಾರಂತೆ. ಮೇಲ್ಸೇತುವೆ ದಾಟಿ. ಆ ಲಾರಿಗಳ ನಡುವೆ. ಅತ್ತೆ ಮದುಮಗಳ ಹಾಗೆ ಓಡಾಡುತ್ತಿದ್ದಾರೆ.

ಇನ್ನು ಹೇಳಲೇಬೇಕು. ಬಾಯಿ ಬರುತ್ತಿಲ್ಲ. ನಾಳೆ ಬಾಲದ ಮೇಲೆ ನಂಬರ್ ಬರೆಯುತ್ತಾರೆ. ಅದನ್ನು ನಾನು ಮುಟ್ಟುವುದಿಲ್ಲ. ಭೂತಗನ್ನಡಿಯೇ ಹೇಳಲಿ. ಹೇಡಿ ನಾನು.

ಮಾರ್ಚ್ 23, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ಮಾವ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡೇ ಬಂದು ನಂಬರ್ ನೋಡಿದರು. ತುಂಬಾ ಹೊತ್ತು. ಏಳರ ಸೊಂಟ ಮುರಿದಿತ್ತು, ಎಂಟರ ಹೊಟ್ಟೆ ಒಡೆದಿತ್ತು.

ನನ್ನ ಬೆನ್ನು ತಟ್ಟಿದರು.

"ತಿದ್ದೋಕೆ ಹೋಗಿದ್ದೆಯಾ? ಪರವಾಗಿಲ್ಲ ಬಿಡಮ್ಮ. ಲ್ಯಾಬಲ್ಲಿ ದುಡಿದು ದುಡಿದು ನಿನ್ನ ಕೈ ಸೋತಿದೆ. ಹೋಗಿ ಬಂದು ನಾನು ಸರಿ ಮಾಡ್ತೀನಿ."

ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಾಗಿತ್ತು. ಮಾವನ ಕೈಯಲ್ಲಿ ಕೀ ಗಲಗಲ ಅನ್ನುತ್ತಿತ್ತು.

"ಮಾವ, ಅದು ನೀವೇ ಬರೆದಿದ್ದು. ಉಳಿದಿದ್ದೆಲ್ಲ ನಾನು ಅಳಿಸಿ ಬರೆದೆ."

ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಕೂತರು. ಭೂತಗನ್ನಡಿ ಮತ್ತೆ ಕಣ್ಣಿಗಿಳಿಸಿಕೊಂಡರು. ಬೆರಳಿಟ್ಟು ಕೇಳುತ್ತಾ ಹೋದರು.

"ಈ ಗೆರೆ?"

"ನಾನು."

"ಇದು?"

"ನಾನು ಮಾವ."

"ತ್ರಿಕೋನ? ಇದಾದ್ರೂ..."

ಅದೂ ನಾನೇ ಎಂದು ತಲೆಯಾಡಿಸಿದೆ.

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೀ ಮೇಜಿನ ಮೇಲಿಟ್ಟು ಒಳಗೆ ಹೋಗಿ ಮಲಗಿದರು. ಅತ್ತೆ ಗೇಟಿನಿಂದ "ರೀ, ಹೊತ್ತಾಯ್ತು" ಎಂದು ಕೂಗುತ್ತಲೇ ಇದ್ದರು. ಅವರಿಗೂ ನಾನೇ ಹೋಗಿ ಹೇಳಬೇಕಾಯಿತು.

ಮಾರ್ಚ್ 26

ಮಾವ ನನ್ನೊಡನೆ ಮಾತಾಡುತ್ತಿಲ್ಲ. ಮಾತ್ರೆ ಮತ್ತೆ ಶುರುಮಾಡಿದ್ದಾರೆ. ಅದಕ್ಕೂ ನೀರು ಅತ್ತೆಯೇ ಕೊಡಬೇಕು. ನಾನು ಕೊಟ್ಟರೆ ಲೋಟ ಹಾಗೇ ಇರುತ್ತದೆ.

ಪಾತ್ರೆ ತೊಳೆಯುವಾಗ ಅತ್ತೆ ಮೆಲ್ಲಗೆ ಅಂದರು — "ಕೈ ನಡುಗೋದು ಅವರಿಗೆ ಗೊತ್ತಾಗ್ತಿರಲಿಲ್ವೇನೆ? ತಮ್ಮ ಕೈಗಿಂತ ನಿನ್ನ ಮಾತನ್ನ ನಂಬಿದ್ರು."

ಅದನ್ನು ಕೇಳಿದ ಮೇಲೆ ನಲ್ಲಿ ನಿಲ್ಲಿಸುವುದೂ ಮರೆತು ನಿಂತಿದ್ದೆ. ನನ್ನ ಮಾತನ್ನ. ಎಂಥ ಕೆಲಸ ಮಾಡಿಬಿಟ್ಟೆ.

ಮಾರ್ಚ್ 30, ಭಾನುವಾರ. ಸಂಜೆ

ಬಾಲದ ಇನ್ನೊಂದು ಬದಿ ಹಾಗೇ ಖಾಲಿ. ಮುಟ್ಟಲು ನನಗೆ ಮುಖವಿಲ್ಲ. ವಿಮಾನಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದೆ.

ಆಗಲೇ ಊಟದ ಮೇಜಿನ ಕುರ್ಚಿ ಎಳೆದ ಸದ್ದಾಯಿತು. ಬಣ್ಣದ ಡಬ್ಬಿ ಅಲ್ಲಾಡಿಸಿದ ಸದ್ದು. ಆಮೇಲೆ ಏನೂ ಇಲ್ಲ. ಎದ್ದು ಹೋಗುವ ಧೈರ್ಯವಿಲ್ಲ, ಕೋಣೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ.

ಅತ್ತೆ ಬಾಗಿಲಲ್ಲಿ ಇಣುಕಿದರು. "ಬರಬೇಕಂತೆ. ಆ ಕಡೆ ನಂಬರ್ ಬರೆದಾಯ್ತಂತೆ. ಸೊಟ್ಟ ಇದೆಯಂತೆ."

"ತಿದ್ದೋಕಾ?"

"ನೋಡೋಕೆ. ಕೈ ಹಿಂದೆ ಕಟ್ಕೊಂಡು ಬರಬೇಕಂತೆ."

ಹೋಗಿ ಬಂದು ಉಳಿದದ್ದನ್ನು —