ನನ್ನ ಕೈ ಮುರಿದ ಓದುಗನಿಗೆ

ನನ್ನ ಐದೂ ಸಂಪುಟಗಳನ್ನು ಓದಿದವನೇ,

ಪೊಲೀಸರ ಬಾಯಲ್ಲಿ ನಿನ್ನ ಹೆಸರು ಕೇಳಿದ್ದೇನೆ. ಆದರೆ ನನಗೆ ನೀನು ಓದುಗ, ಅದಕ್ಕೇ ಈ ಕಾಗದ. ನಾಳೆ ಜೈಲಿನಲ್ಲಿ ಸಾಲಾಗಿ ನಿಂತವರ ನಡುವೆ ನಿನ್ನನ್ನು ಗುರುತಿಸಲು ನನ್ನನ್ನು ಕರೆದಿದ್ದಾರೆ. ಅಂದು ನಮ್ಮ ಮನೆಗೆ ನುಗ್ಗಿದ ಮೂವರಲ್ಲಿ ಮುಖದ ಬಟ್ಟೆ ಜಾರಿದ್ದು ನಿನ್ನದೊಂದೇ. ಅದನ್ನು ಕಂಡವಳು ನಾನೊಬ್ಬಳೇ.

ಯುದ್ಧ ಬರೆದೇ ಹೊಟ್ಟೆ ಹೊರೆದವಳು ನಾನು. ಮೊದಲ ಕಾದಂಬರಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟುಕೊಂಡು ನಿಂತೇ ಬರೆದೆ. ಕೋಟೆಗೆ ಬೆಂಕಿ ಬಿದ್ದ ಹೊತ್ತಿಗೇ ಅತ್ತೆ ಬಂದು, "ಯುದ್ಧ ಮುಗಿದಿದ್ರೆ ಬಟ್ಟೆ ಒಣಗಾಕಮ್ಮ" ಅನ್ನುತ್ತಿದ್ದರು. ಮೈಮೇಲೆ ಪರೀಕ್ಷಿಸದೆ ನಾನು ಯಾವ ಗಾಯವನ್ನೂ ಬರೆದವಳಲ್ಲ. ಬಾಗಿಲ ಸಂದಿಗೆ ಬೆರಳು ಕೊಟ್ಟಿದ್ದೇನೆ, ಕಾದ ಸೌಟಿಗೆ ತೋಳು ಒಡ್ಡಿದ್ದೇನೆ. ಅತ್ತೆ ಬೈಯುತ್ತಲೇ ಮುಲಾಮು ಹಚ್ಚುತ್ತಿದ್ದರು. ಐದನೆಯ ಸಂಪುಟದಲ್ಲಿ, ದೊರೆಯ ಹೇಡಿತನವನ್ನು ಬರೆದಿಟ್ಟ ಆಸ್ಥಾನದ ಲಿಪಿಕಾರನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಜಜ್ಜುವ ಅಧ್ಯಾಯ ಹುಟ್ಟಿದ್ದು ಹಾಗೆ.

ಅದನ್ನು ನೀನು ಮನಸ್ಸಿಟ್ಟು ಓದಿದ್ದೆ. ಆ ಮಧ್ಯಾಹ್ನ ನೀವು ಒದ್ದ ಬಾಗಿಲು ಅತ್ತೆಯ ಹಣೆಗೆ ಬಡಿಯಿತು. ಅವರು ಸದ್ದಿಲ್ಲದೆ ಗೋಡೆಗುಂಟ ಜಾರಿದರು, ರಕ್ತ ಕಣ್ಣಿಗಿಳಿಯಿತು. ನನ್ನ ಕೂದಲು ಹಿಡಿದು ನೆಲಕ್ಕೆ ಕೆಡವಿದಿರಿ. ಒಬ್ಬ ಬೆನ್ನ ಮೇಲೆ ಮೊಣಕಾಲೂರಿದ. ನೀನು ನನ್ನ ಬಲಗೈಯನ್ನು ಹೊಸ್ತಿಲಿಗೆ ಒತ್ತಿ ಸುತ್ತಿಗೆ ಎತ್ತಿದೆ. "ನಮ್ಮ ದೊರೇನ ಹೇಡಿ ಅಂತ ಬರೀತೀಯಾ?" ಎಂದೆ. ಕಿರುಬೆರಳಿನಿಂದಲೇ ಶುರುಮಾಡಿದೆ.

ಲಿಪಿಕಾರ ಅರಚಿದ ಎಂದು ಬರೆದಿದ್ದೆ. ಹಾಗಲ್ಲ. ಮೊದಲು ಸೀಮೆಸುಣ್ಣ ಮುರಿದಂಥ ಸದ್ದು, ಆಮೇಲೆ ವಾಂತಿ. ಅರಚಲು ಉಸಿರೇ ಉಳಿದಿರುವುದಿಲ್ಲ. ಮರುಮುದ್ರಣದಲ್ಲಿ ತಿದ್ದುತ್ತೇನೆ.

ಅಲ್ಲವೋ, ಅವನು ಯಾರ ದೊರೆ? ಯಾವ ಶಾಸನದಲ್ಲೂ ಇಲ್ಲ, ಯಾವ ನಾಣ್ಯದ ಮೇಲೂ ಇಲ್ಲ. ಹಲ್ಲುಜ್ಜುವಾಗ ನನಗೆ ಹೊಳೆದ ಹೆಸರು ಅದು. ಅವನ ಮೀಸೆ ನಮ್ಮ ಮನೆಗೆ ಬರುವ ಪ್ಲಂಬರನದು. ನಾಲ್ಕು ಸಂಪುಟ ಅವನನ್ನು ಗೆಲ್ಲಿಸಿದಾಗ ನೀನು ತಕರಾರೆತ್ತಲಿಲ್ಲ. ಐದನೆಯದರಲ್ಲಿ ಅವನು ಸತ್ತ ಕುದುರೆಯ ಕೆಳಗೆ ಅಡಗಿದ ಕೂಡಲೇ ನಿನ್ನ ರಕ್ತ ಕುದಿಯಿತು. ಈಗ ನನ್ನದೂ ಕುದಿಯುತ್ತಿದೆ. ಅದೇ ಸುತ್ತಿಗೆಯಿಂದ ನಿನ್ನ ಕೈ ಜಜ್ಜಿದ ಕನಸು ಬೀಳುತ್ತದೆ. ಎದ್ದ ಮೇಲೂ ಅದು ಹಿತವಾಗಿಯೇ ಇರುತ್ತದೆ.

ನಿನ್ನೆ ನಿನ್ನ ತಾಯಿ ಬಂದಿದ್ದರು. ಒಳಗೆ ಕರೆದರೂ ಬಾರದೆ, ಹೊಸ್ತಿಲ ಕಲೆಯ ಪಕ್ಕದಲ್ಲೇ ಕೂತರು. ಸಂಜೆಹೊತ್ತು ನನ್ನ ಪುಸ್ತಕಗಳನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆಯಂತೆ. ದೊರೆ ಗೆದ್ದಾಗಲೆಲ್ಲ ಇಬ್ಬರೂ ಅತ್ತಿದ್ದೀರಂತೆ.

"ನೀವು ಇವನಲ್ಲ ಅಂದ್ಬಿಟ್ರೆ ಸಾಕು, ನನ್ನ ಮಗ ಮನೆಗೆ ಬರ್ತಾನಮ್ಮ" ಎಂದರು.

ಅಂಥ ಓದುಗನಿಗಾಗಿಯೇ ಅಲ್ಲವೇ ಆಯುಷ್ಯವೆಲ್ಲ ಬರೆದದ್ದು? ಹೂಂ ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಣೆಗೆ ಹೊಲಿಗೆ ಹಾಕಿಸಿಕೊಂಡು ಒಳಗೆ ಮಲಗಿದ್ದ ಅತ್ತೆ ಕೇಳಿದರು: "ಯಾರಮ್ಮ ಬಾಗಿಲಲ್ಲಿ? ಅವರೇನಾ ಮತ್ತೆ?" ಯುದ್ಧ ಮುಗಿಯಿತಾ ಎಂದು ನನ್ನನ್ನು ಕೆಣಕುತ್ತಿದ್ದ ದನಿ ಅದು, ಈಗ ನಡುಗುತ್ತಿತ್ತು. ನಿನ್ನ ತಾಯಿಗೂ ಅದು ಕೇಳಿಸಿತು. ಎದ್ದುಹೋದರು.

ಈ ಕಾಗದದ ಅಕ್ಷರ ಇಷ್ಟು ನೆಟ್ಟಗೆ ಹೇಗಿದೆ ಎಂದು ನಿನಗೆ ಅನಿಸಿರಬೇಕು. ಪುಸ್ತಕದ ಹಿಂದಿನ ಫೋಟೋ ನಂಬಿ ಕೆಟ್ಟೆ, ಮಗನೇ. ಪೆನ್ನು ಬಲಗೈಯಲ್ಲಿದ್ದರೆ ಚೆನ್ನ ಎಂದವನು ಫೋಟೋ ತೆಗೆದವನು. ಆ ಕೈಯಿಂದ ನಾನು ಉಂಡಿದ್ದೇನೆ, ಅತ್ತೆಯ ತಲೆ ಬಾಚಿದ್ದೇನೆ. ಬರೆದದ್ದೆಲ್ಲ ಎಡಗೈ.

ಆರನೆಯ ಸಂಪುಟ ಶುರುವಾಗಿದೆ. ಅಚ್ಚಾದ ಮೇಲೆ ಜೈಲಿಗೇ ಕಳಿಸುತ್ತೇನೆ, ಓದು. ನೂರು ಕಾಲ ಬಾಳು. ನಾಳೆ ಆ ಸಾಲಿನ ಮುಂದೆ ನಿಂತು ನಿನ್ನನ್ನು ತೋರಿಸುವುದೂ ಇದೇ ಎಡಗೈ.

ಇಂತಿ,
ನೀನು ಪೂರ್ತಿ ಓದದ ಲೇಖಕಿ